ಹನ್ನೆರಡು ಮನೆಯ ಹತ್ತು ಮೊಲ

ಆ ವರ್ಷದ ದೀಪಾವಳಿಗೆ ಕದಿರಮ್ಮನಿಗೆ ಬೋನಸ್ಸು ಅಂತ ಸಿಕ್ಕಿದ್ದು ಮೂರು ಮೊಲ.

ದೊಡ್ಡಬಳ್ಳಾಪುರದ ಕೋದಂಡರಾಮಯ್ಯನವರ ಮಗ್ಗದ ಮನೆಯಲ್ಲಿ ಅವಳು ಒಂಬತ್ತು ವರ್ಷ ಕಂಡಿಕೆ ಸುತ್ತಿದ್ದಳು. ಲಾಳಿಯೊಳಗೆ ಕೂರುವ ಆ ಪುಟ್ಟ ಕಡ್ಡಿಗೆ ನೂಲು ಸುತ್ತಿ ಸುತ್ತಿ ಬೆರಳುಗಳ ಗೆರೆಗಳೇ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವಳ ಬೆರಳನ್ನು ಗುರುತು ಹಿಡಿಯದೆ ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತಿತ್ತು. ಹಬ್ಬದ ಹಿಂದಿನ ದಿನ ಕೆಲಸದವರೆಲ್ಲ ಸಾಲಾಗಿ ನಿಂತಾಗ ಕೋದಂಡರಾಮಯ್ಯನವರು ಕನ್ನಡಕ ಒರೆಸಿಕೊಂಡರು.

“ಸೀರೆ ಓಡ್ತಿಲ್ಲ ಕಣಮ್ಮ. ಹೊರಗಡೆ ಮಾಲು ಬಂದು ನಮ್ಮ ಬಾಯಿಗೆ ಮಣ್ಣಾಕ್ತು. ಒಂದ್ ಕೆಲ್ಸ ಮಾಡು. ಮೊಮ್ಮಕ್ಕಳು ಆಸೆಪಟ್ಟು ಮೊಲ ತರಿಸಿದ್ರು. ಈಗ ವಾಸನೆ ಅಂತವೆ. ಒಂದು ಗಂಡು, ಎರಡು ಹೆಣ್ಣು. ತಗೊಂಡೋಗಿ ಸಾಕ್ಕೊ. ಲಕ್ಷ್ಮಿ ಇದ್ದಂಗೆ ಅವು.”

ವಾಸನೆ ಬರುವ ಲಕ್ಷ್ಮಿಯನ್ನು ಶ್ರೀಮಂತರು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಬಡವರ ಮನೆಗೆ ಕಳಿಸುತ್ತಾರೆ.

ದೊಡ್ಡಬೆಳವಂಗಲದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಆದರೆ ಕಂಡಕ್ಟರು ಮೊಲದ ಬುಟ್ಟಿಗೆ ಲಗೇಜು ಚೀಟಿ ಹರಿದುಕೊಟ್ಟ. ಕದಿರಮ್ಮ ಪುಕ್ಕಟೆ ಬಂದಳು, ಮೊಲಗಳು ಕಾಸು ಕೊಟ್ಟು ಬಂದವು. ಅಲ್ಲಿಂದ ಎರಡು ಮೈಲಿ ನಡೆದರೆ ಅವಳೂರು ಕೋಡಿಪಾಳ್ಯ. ಗಂಡ ದೊಡ್ಡಬೀರಪ್ಪ ನೆಲಮಂಗಲದ ಗೋಡೌನಿನಲ್ಲಿ ಮೂಟೆ ಹೊರುವವನು, ವಾರಕ್ಕೊಮ್ಮೆ ಬರುವವನು. ಭಾನುವಾರ ಬಂದವನು ಮೊಲಗಳನ್ನು ನೋಡಿ ತಲೆ ಕೆರೆದುಕೊಂಡು, “ಬೋನಸ್ಸು ಹುಲ್ಲು ತಿಂತದಲ್ಲೇ,” ಎಂದ.

ಮುಂದಿನ ವರ್ಷ ಕೋದಂಡರಾಮಯ್ಯನವರು ಮಗ್ಗಗಳನ್ನು ಗುಜರಿಗೆ ತೂಕಕ್ಕೆ ಹಾಕಿದರು. ಕದಿರಮ್ಮನ ಕೈಯಲ್ಲಿ ಉಳಿದದ್ದು ಮೊಲ ಮಾತ್ರ.

ಮೊಲ ಸಾಕುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಸತ್ತ ಮರಿಗಳೇ ಕಲಿಸಿದವು. ಬೆಳಗಿನ ಇಬ್ಬನಿಯಲ್ಲಿ ಕೊಯ್ದ ಹುಲ್ಲನ್ನು ಹಾಗೆಯೇ ಹಾಕಿ ಮೊದಲ ಸೂಲಿನ ಮರಿಗಳಷ್ಟನ್ನೂ ಹೊಟ್ಟೆಯುಬ್ಬರಕ್ಕೆ ಕಳೆದುಕೊಂಡಳು. ಆಮೇಲೆ ಹುಲ್ಲನ್ನು ನೆರಳಲ್ಲಿ ಹರಡಿ, ಬಾಡಿಸಿ ಹಾಕುವುದು ತಿಳಿಯಿತು. ರೇಷ್ಮೆ ಸಾಕುವವರ ಮನೆಯಲ್ಲಿ ಉಳಿದ ಹಿಪ್ಪುನೇರಳೆ ಸೊಪ್ಪು, ಹಲಸಂದೆ ಬಳ್ಳಿ, ಸಂಜೆಗೆ ಒಂದು ಹಿಡಿ ಬೂಸ. ಎತ್ತುವಾಗ ಕಿವಿ ಹಿಡಿಯಬಾರದು, ಹೆಗಲ ಮೇಲಿನ ಚರ್ಮ ಹಿಡಿದು ಕುಂಡೆಯ ಕೆಳಗೆ ಅಂಗೈ ಕೊಡಬೇಕು. ಇಲ್ಲದಿದ್ದರೆ ಒದೆದಾಡಿ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ. ಹೆಣ್ಣಿನ ಗೂಡಿಗೆ ಗಂಡನ್ನು ಬಿಟ್ಟರೆ ಹೆಣ್ಣು ಕಚ್ಚಿ ಓಡಿಸುತ್ತದೆ. ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ದು, ಕೆಲಸ ಮುಗಿದ ಕೂಡಲೇ ವಾಪಸ್ಸು ತರಬೇಕು.

ಪಕ್ಕದ ಮನೆಯ ಮಾರಕ್ಕ ಗೋಡೆಯ ಮೇಲಿಂದ ಇದನ್ನು ನೋಡಿ ನಕ್ಕಿದ್ದಳು. “ಪುಣ್ಯ ಮಾಡವೆ ಕಣೇ ನಿನ್ ಮೊಲ. ಗಂಡನ ಮನೆಗೋಗಿ ಐದ್ ನಿಮಿಷಕ್ಕೆ ತವರುಮನೆ ಸೇರ್ಕಂತವೆ. ನಾನು ಹೋದೋಳು ನಲವತ್ತು ವರ್ಷ ಆಯ್ತು, ಇನ್ನೂ ವಾಪಸ್ ಬಂದಿಲ್ಲ.”

ಹೀಗೆ ನಾಲ್ಕು ವರ್ಷ ಕಳೆಯಿತು. ಬಿದಿರ ದಬ್ಬೆಯ ಗೂಡುಗಳು ಹತ್ತಾದವು, ದೊಡ್ಡ ಮೊಲಗಳು ಹತ್ತಾದವು. ಮರಿಗಳನ್ನು ಕೊಳ್ಳಲು ನೆಲಮಂಗಲದಿಂದ ಒಬ್ಬರು ಬರುತ್ತಿದ್ದರು. ಮಗಳು ಅಕ್ಷತಳ ನರ್ಸಿಂಗ್ ಓದು ಈ ಮರಿಗಳ ಮೇಲೆಯೇ ನಡೆಯುತ್ತಿತ್ತು.

ಅಷ್ಟರಲ್ಲಿ ಊರಿಗೆ ಸರ್ಕಾರದ ಮೊಲ ಬಂತು. ಅಂದರೆ, ಕಾಗದದಲ್ಲಿ ಬಂತು.

‘ಮಹಿಳಾ ಮೊಲ ಸಮೃದ್ಧಿ’ ಎಂದು ಯೋಜನೆಯ ಹೆಸರು. ಊರಿನ ಮಹಿಳಾ ಸಂಘದ ಹನ್ನೆರಡು ಮಂದಿಗೆ ತಲಾ ಒಂದು ಪಂಜರ, ಹತ್ತು ಮೊಲ. ಸಂಘಕ್ಕೆ ಅಧ್ಯಕ್ಷೆ ಲಕ್ಷ್ಮೀದೇವಮ್ಮ. ಅವಳ ಗಂಡ ಮನೋಹರ್. ಸಭೆ ಕರೆಯುವವನು, ರುಜು ಹಾಕುವವನು, ಹಾರ ಹಾಕಿಸಿಕೊಳ್ಳುವವನು ಅವನೇ ಆದ್ದರಿಂದ ಊರಿನವರು ಅವನನ್ನು ‘ಅಧ್ಯಕ್ಷರು’ ಎನ್ನುತ್ತಿದ್ದರು. ನಿಜವಾದ ಅಧ್ಯಕ್ಷೆಯನ್ನು ‘ಅಧ್ಯಕ್ಷರ ಹೆಂಡ್ತಿ’ ಎನ್ನುತ್ತಿದ್ದರು. ಮಹಿಳಾ ಸಬಲೀಕರಣ ಕೋಡಿಪಾಳ್ಯದಲ್ಲಿ ಆ ಮಟ್ಟಕ್ಕೆ ಬಂದಿತ್ತು.

ಕದಿರಮ್ಮನೂ ಅರ್ಜಿ ಹಿಡಿದು ಹೋದಳು. ಮನೋಹರ್ ಅದನ್ನು ಓದದೆ ಹಿಂದಕ್ಕೆ ಕೊಟ್ಟ.

“ನಿನ್ನತ್ರ ಆಗ್ಲೇ ಮೊಲ ಅವಲ್ಲಮ್ಮ. ಇದು ಮೊಲ ಇಲ್ದೋರ್ಗೆ.”

“ಸಾಕೋದು ಊರಲ್ಲಿ ನಂಗೊಬ್ಬಳ್ಗೇ ಗೊತ್ತಿರೋದು ಮನೋಹರಣ್ಣ.”

“ಅದ್ಕೇ ನಿಂಗೆ ಬ್ಯಾಡ. ಗೊತ್ತಿಲ್ದೋರು ಕಲೀಲಿ.”

ಪಂಜರಗಳು ಬಂದವು. ಬಾರದೆ ಏನು? ಮನೋಹರನ ಬಾಮೈದ ಶಶಿಕುಮಾರನದೇ ವೆಲ್ಡಿಂಗ್ ಅಂಗಡಿ. ಒಂದೊಂದು ಕಬ್ಬಿಣದ ಪೆಟ್ಟಿಗೆ, ನಾಲ್ಕು ಕಾಲು, ತಳಕ್ಕೆ ಕೋಳಿ ಜಾಲರಿ. ಹನ್ನೆರಡು ಹೆಂಗಸರೂ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರು. ಅವರು ಒತ್ತಿದ್ದು ಪಂಜರಕ್ಕೆ ಎಂದುಕೊಂಡು. ಯಂತ್ರ ಬರೆದುಕೊಂಡದ್ದು ಮೊಲವೂ ಸೇರಿ. “ಮೊಲ ಯಾವಾಗ ಬರ್ತವೆ?” ಎಂದು ಕೇಳಿದವರಿಗೆ ಮನೋಹರ್, “ಬರ್ತವೆ, ದಾರೀಲವೆ,” ಎಂದ. ಎಂಟು ತಿಂಗಳಾದರೂ ಅವು ದಾರಿಯಲ್ಲೇ ಇದ್ದವು. ಮೊಲಕ್ಕಿಂತ ಆಮೆಯನ್ನೇ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಬಂದಿರುತ್ತಿತ್ತು. ಹೆಂಗಸರು ಕಾದು ಸಾಕಾಗಿ ಪಂಜರಗಳಿಗೆ ಬೇರೆ ಕೆಲಸ ಹಚ್ಚಿದರು. ಮಾರಕ್ಕ ಕೋಳಿ ಮುಚ್ಚಿದಳು. ನಾಗಲಕ್ಷ್ಮಮ್ಮ ಪಾತ್ರೆ ತೊಳೆದು ನೀರಿಳಿಯಲು ಬೋರಲು ಹಾಕಿದಳು. ಅಧ್ಯಕ್ಷರ ಮನೆಯ ಪಂಜರದಲ್ಲಿ ಈರುಳ್ಳಿ ಇತ್ತು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವರು ಎಲ್ಲ ಊರಲ್ಲೂ ಇರುತ್ತಾರೆ. ಹಿಡಿಯದ ಮೊಲಕ್ಕೂ ನಾಲ್ಕು ಕಾಲು, ಎರಡು ಕಿವಿ ಬರೆದು ಬಿಲ್ಲು ಮಾಡಿದವನು ಮನೋಹರ್ ಒಬ್ಬನೇ.

ಒಂದು ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಮನೋಹರ್ ಕದಿರಮ್ಮನ ಕೊಟ್ಟಿಗೆಗೆ ಬಂದ. ಹಿಂದೆ ಶಶಿಕುಮಾರನ ಲಗೇಜ್ ಆಟೋ ಬಂತು. ಕದಿರಮ್ಮ ಆಗ ಕೊನೆಯ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಆ ಗೂಡಿನದು ಮಸಿಮೂತಿ. ಮೈಯೆಲ್ಲ ಬಿಳುಪು, ಮೂತಿ ಮತ್ತು ಕಿವಿ ಮಾತ್ರ ಮಸಿ ಬಳಿದ ಹಾಗೆ. ಗಂಡಿನ ಗೂಡಿಗೆ ಒಯ್ದು ಇಂದಿಗೆ ಮೂವತ್ತು ದಿನ. ರಾತ್ರಿಯಿಂದ ಅದು ಒಣಹುಲ್ಲನ್ನು ಬಾಯಲ್ಲಿ ಕಚ್ಚಿ ಮೂಲೆಗೆ ಒಯ್ಯುತ್ತಿತ್ತು. ಈಗ ತನ್ನ ಎದೆಯ ರೋಮವನ್ನು ತಾನೇ ಕಿತ್ತು ಹುಲ್ಲಿನ ಮೇಲೆ ಹಾಸುತ್ತಿತ್ತು. ಮರಿಗೆ ಹಾಸಿಗೆ. ಎಷ್ಟು ಸಲ ನೋಡಿದ್ದರೂ ಕದಿರಮ್ಮ ಅದರ ಮುಂದೆ ಕೆಲಸ ಬಿಟ್ಟು ಕೂತುಬಿಡುತ್ತಿದ್ದಳು. ಈ ಸೂಲಿನ ಮರಿಗಳನ್ನು ನೆಲಮಂಗಲದವರು ಆಗಲೇ ಗೊತ್ತು ಮಾಡಿದ್ದರು. ಅದರಲ್ಲೇ ಅಕ್ಷತಳ ಪರೀಕ್ಷೆಯ ಶುಲ್ಕ ಕಟ್ಟಬೇಕಿತ್ತು.

“ಏನಮ್ಮಾ ಕದಿರಮ್ಮ, ಒಂದು ಉಪಕಾರ ಆಗ್ಬೇಕಲ್ಲ,” ಎಂದ ಮನೋಹರ್.

ಅವನ ಬಾಯಿಂದ ಉಪಕಾರ ಎಂಬ ಮಾತು ಬಂದರೆ ಎದುರಿಗಿದ್ದವರು ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಳ್ಳಬೇಕು. ಕದಿರಮ್ಮ ಎದ್ದು ನಿಂತಳು.

“ಬೆಂಗ್ಳೂರಿಂದ ಸಾಹೇಬ್ರು ಬರ್ತಾವ್ರೆ, ಮನೆಮನೆಗೆ ಹೋಗಿ ಮೊಲ ನೋಡೋಕೆ. ನಿನ್ ಮೊಲ ಒಂದ್ ದಿವ್ಸ ಕೊಡು. ಸಾಯಂಕಾಲ ವಾಪಸ್ಸು.”

“ಯಾರ ಮನೇಗೆ?”

“ಎಲ್ಲಾರ ಮನೇಗೂ.”

ಕದಿರಮ್ಮ ಗೂಡುಗಳನ್ನು ಎಣಿಸುವಂತೆ ನೋಡಿದಳು. “ಇರೋವು ಹತ್ತು. ಮನೆ ಹನ್ನೆರಡು.”

“ಸಾಹೇಬ್ರು ಒಬ್ರೇ ತಾನೆ? ಒಂದೇ ಸಲ ಹನ್ನೆರಡು ಮನೇಲಿ ಇರ್ತಾರಾ? ಅವ್ರು ಮುಂದಿನ ಬೀದೀಲಿ ಬರ್ತಾರೆ, ಮೊಲ ಹಿಂದಿನ ಓಣೀಲಿ ಬರ್ತವೆ.” ಇದನ್ನು ಹೇಳುವಾಗ ಮನೋಹರನ ಮುಖದಲ್ಲಿ ನಾಚಿಕೆ ಇರಲಿಲ್ಲ. ಒಳ್ಳೆಯ ಪಾಕ ತೆಗೆದ ಅಡುಗೆಯವನ ಕಳೆ ಇತ್ತು.

“ಒಂಬತ್ತು ಕೊಡ್ತೀನಿ ಅಣ್ಣ. ಇದೊಂದನ್ನ ಬುಟ್ಬುಡಿ. ಇವತ್ತು ಮರಿ ಹಾಕ್ತದೆ. ನೋಡಿ, ರೋಮ ಕಿತ್ಕೊಂತೈತೆ. ಈಗ ಅಲ್ಲಾಡಿಸಬಾರ್ದು.”

“ಹತ್ತು ಅಂತ ಬರೆದೈತೆ. ಹತ್ತಕ್ಕೆ ಹತ್ತು ಇರ್ಬೇಕು.”

“ನಿಮ್ಗೆ ಕೈ ಮುಗೀತೀನಿ.”

ಮನೋಹರ್ ಕೊಟ್ಟಿಗೆಯ ಸೂರನ್ನು ಕಣ್ಣಲ್ಲೇ ಅಳೆದ. “ಈ ಕೊಟ್ಟಿಗೆ ನಿಂತಿರೋದು ಯಾರ ಜಾಗ್ದಲ್ಲಿ? ಗೋಮಾಳ ಅಲ್ವಾ? ನಾನ್ ಯಾವತ್ತಾದ್ರೂ ಕೇಳಿದೀನಾ? ಇವತ್ತು ನೀನು ಒಂದ್ ದಿನ ಸಹಕಾರ ಕೊಡು, ಮುಂದಿನ ತಿಂಗಳು ನಿನ್ ಹೆಸರ್ಗೆ ಖಾತೆ. ಇಲ್ಲ ಅಂದ್ರೆ ಜೆಸಿಬಿ ತರ್ಸೋದು ನಂಗೆ ಒಂದ್ ಫೋನಷ್ಟೆ.”

ಇದೇ ಮಾತನ್ನು ಅವನು ಮೂರು ವರ್ಷದಿಂದ ಹೇಳುತ್ತಿದ್ದ. ಖಾತೆಯೂ ಆಗಿರಲಿಲ್ಲ, ಜೆಸಿಬಿಯೂ ಬಂದಿರಲಿಲ್ಲ. ಆದರೆ ಜೆಸಿಬಿ ಬಾರದೆಯೂ ಮನೆ ಬೀಳಿಸುತ್ತದೆ. ರಾತ್ರಿ ನಿದ್ದೆಯಲ್ಲಿ ಅದರ ಸದ್ದು ಕೇಳಿದರೆ ಸಾಕು. ಕದಿರಮ್ಮ ಸೋತಳು. ಶಶಿಕುಮಾರ ಮೊದಲ ಮೊಲವನ್ನು ಕಿವಿ ಹಿಡಿದು ಎತ್ತಿದ್ದು ನೋಡಿ, “ಬುಡಯ್ಯ, ನಾನೇ ಎತ್ತಿ ಕೊಡ್ತೀನಿ,” ಎಂದು ಒಂದೊಂದನ್ನೇ ಬುಟ್ಟಿಗೆ ಇಳಿಸಿದಳು. ಮಸಿಮೂತಿಯನ್ನು ಹಾಸಿಗೆಯ ರೋಮದ ಸಮೇತ ತೆಗೆದು ಬೇರೆ ಬುಟ್ಟಿಯಲ್ಲಿಟ್ಟು ತಾನೂ ಆಟೋದ ಹಿಂದೆ ಹತ್ತಿ ಕುಳಿತಳು.

“ನೀನ್ ಬರೋದು ಬ್ಯಾಡ,” ಎಂದ ಮನೋಹರ್.

“ಹಂಗಾದ್ರೆ ನೀವೇ ಹಿಡ್ಕೊಳಿ,” ಎಂದಳು. ಅವನು ಒಂದನ್ನು ಹಿಡಿಯಲು ಹೋಗಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಗೀರಿಸಿಕೊಂಡ. “ಸರಿ ಬಾ. ಸಾಹೇಬ್ರ ಮುಂದೆ ಮುಖ ತೋರಿಸ್ಬೇಡ,” ಎಂದ.

ಸಾಹೇಬರ ಹೆಸರು ಭಾನುಪ್ರಕಾಶ್. ಹನ್ನೊಂದು ಗಂಟೆಗೆ ಜೀಪಿಳಿದರು. ಬಿಳಿ ಶರ್ಟು, ಕೈಯಲ್ಲಿ ಫಾರಂ, ಹಿಂದೊಬ್ಬ ಫೋಟೋ ತೆಗೆಯುವ ಸಹಾಯಕ. ಫೋಟೋದಲ್ಲಿ ಜಾಗ, ಹೊತ್ತು ಎಲ್ಲ ತಾನಾಗಿಯೇ ಬೀಳುತ್ತದಂತೆ, ಮೋಸ ಮಾಡಲು ಸಾಧ್ಯವೇ ಇಲ್ಲವಂತೆ. ಮೊಲ ಯಾರದೆಂದು ಮಾತ್ರ ಅದರಲ್ಲಿ ಬೀಳುವುದಿಲ್ಲ.

ಮೊದಲ ಮನೆ ಮಾರಕ್ಕನದು. ಕೋಳಿಗಳನ್ನು ಓಡಿಸಿ, ಪುಕ್ಕ ಕೊಡವಿ, ಹತ್ತು ಮೊಲಗಳನ್ನು ಒಂದೇ ಪಂಜರಕ್ಕೆ ತುರುಕಿದ್ದರು. ಗಂಡುಗಳು ಒಂದನ್ನೊಂದು ಕಚ್ಚಲು ಹೋಗುತ್ತಿದ್ದವು. ಮಾರಕ್ಕನಿಗೆ ಮನೋಹರ್ ಬೆಳಿಗ್ಗೆಯೇ ಪಾಠ ಹೇಳಿಕೊಟ್ಟಿದ್ದ. ‘ನಮ್ಮದೇ ಅನ್ನು. ಹಂಗಂದ್ರೆ ನಿಜವಾದವು ಬೇಗ ಬರ್ತವೆ.’

“ಮೊಲಕ್ಕೆ ಏನು ಹಾಕ್ತೀಯಮ್ಮ?” ಎಂದು ಭಾನುಪ್ರಕಾಶ್ ಕೇಳಿದರು.

ಇದು ಪಾಠದಲ್ಲಿ ಇರಲಿಲ್ಲ. “ಮುದ್ದೆ ಸ್ವಾಮಿ,” ಎಂದಳು ಮಾರಕ್ಕ. “ಬಿಸಿಬಿಸಿದು. ಬಸ್ಸಾರಿದ್ರೆ ಇನ್ನೂ ಚೆನ್ನಾಗಿ ತಿಂತವೆ.”

ಸಹಾಯಕ ನಗು ತಡೆಯಲು ಕೆಮ್ಮಿದ. “ಸ್ಥಳೀಯ ಆಹಾರ ಸಾರ್,” ಎಂದ ಮನೋಹರ್. ಸಾಹೇಬರು ‘ಸ್ಥಳೀಯ ಆಹಾರ’ ಎಂದು ಬರೆದುಕೊಂಡರು. ಫೋಟೋ ತೆಗೆದದ್ದಾಯಿತು.

ಅಲ್ಲಿಂದ ಮೆರವಣಿಗೆ ಹೊರಟಿತು. ಜೀಪು ಮುಂದಿನ ಬೀದಿಯಲ್ಲಿ, ಆಟೋ ಹಿಂದಿನ ಓಣಿಯಲ್ಲಿ. ಆಟೋ ಮೊದಲು ಮುಟ್ಟಬೇಕಲ್ಲ, ಅದಕ್ಕೆ ಮನೋಹರ್ ಬೀದಿ ಬೀದಿಗೂ ಎಳನೀರಿಟ್ಟಿದ್ದ. ಸಾಹೇಬರು ಎಳನೀರು ಕುಡಿಯುವಷ್ಟರಲ್ಲಿ ಮೊಲಗಳು ಮುಂದಿನ ಪಂಜರ ಸೇರುತ್ತಿದ್ದವು. ನಾಲ್ಕನೆಯ ಎಳನೀರಿಗೆ ಸಾಹೇಬರು ಮರೆ ಹುಡುಕಿಕೊಂಡು ಹೋದರು, ಇನ್ನೂ ಐದು ನಿಮಿಷ ಸಿಕ್ಕಿತು. ಸರ್ಕಾರಿ ಯೋಜನೆಯೊಂದು ಇಷ್ಟು ಚುರುಕಾಗಿ ನಡೆದದ್ದನ್ನು ಕೋಡಿಪಾಳ್ಯ ಹಿಂದೆಂದೂ ಕಂಡಿರಲಿಲ್ಲ.

ಮೂರನೆಯ ಮನೆಯಲ್ಲಿ ಸಾಹೇಬರು ಪಂಜರದ ಮುಂದೆ ಬಗ್ಗಿದರು. “ಈ ಮಸಿ ಮೂತಿದು ಹಿಂದಿನ ಮನೇಲೂ ಇತ್ತಲ್ರಿ?”

“ತಳಿ ಸಾರ್. ಎಲ್ಲಾ ಒಂದೇ ತಾಯಿ ಮಕ್ಕಳಿದ್ದಂಗೆ.”

ಸಾಹೇಬರು ಮನೋಹರನ ಮುಖವನ್ನು ಒಂದು ಗಳಿಗೆ ನೋಡಿದರು. ದಡ್ಡರೇನಲ್ಲ ಅವರು. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಹೀಗೆ ಓಡಾಡುವ ಕುರಿ, ಹಸು, ಹೊಲಿಗೆ ಯಂತ್ರಗಳನ್ನು ಬೇಕಾದಷ್ಟು ಕಂಡಿದ್ದರು. “ಒಳ್ಳೇ ತಳಿ,” ಎಂದು ಟಿಕ್ ಹಾಕಿದರು.

ಆಟೋದೊಳಗೆ ಕದಿರಮ್ಮನಿಗೆ ನಗು ಬರುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಹತ್ತು ಮೊಲ ಇಳಿಸು, ತುರುಕು, ಮತ್ತೆ ಹಿಡಿ, ಬುಟ್ಟಿಗೆ ಹಾಕು. ಓಣಿಯ ಗುಂಡಿಗಳಲ್ಲಿ ಆಟೋ ಎತ್ತಿ ಎತ್ತಿ ಹಾಕುತ್ತಿತ್ತು. ಮಸಿಮೂತಿಯ ಹೊಟ್ಟೆ ಸೆಟೆಯುತ್ತಿತ್ತು, ಕಣ್ಣು ಅಗಲವಾಗಿತ್ತು, ಉಸಿರು ಓಡುತ್ತಿತ್ತು. ಒಂದು ಸಲ ಅದು ಬುಟ್ಟಿಯ ಮೂಲೆಯಲ್ಲಿ ಎದೆಯ ರೋಮ ಕಿತ್ತು ಕೆಳಗೆ ಹಾಕಿತು. ಗಾಳಿಗೆ ಅದು ಹಾರಿಹೋಯಿತು.

“ಶಶಣ್ಣ, ಇದನ್ನ ಇಲ್ಲೇ ಇಳಿಸ್ಬುಡಣ್ಣ. ನಾನ್ ಎತ್ಕೊಂಡು ಮನೇಗೋಗ್ತೀನಿ. ಹೆರೋ ನೋವಲ್ಲೈತೆ.”

“ಇನ್ನ ಎಂಟೇ ಮನೆ ಕಣಕ್ಕ,” ಎಂದ ಶಶಿಕುಮಾರ, ಗೇರು ಬದಲಿಸುತ್ತ.

ಐದನೆಯ ಮನೆ ಅಧ್ಯಕ್ಷರದೇ. ದೊಡ್ಡ ಅಂಗಳ, ಟೈಲ್ಸು ಹಾಕಿದ ಜಗಲಿ. ಈರುಳ್ಳಿ ಸುರಿದು ಖಾಲಿ ಮಾಡಿದ ಪಂಜರದ ಪಕ್ಕದಲ್ಲಿ ಲಕ್ಷ್ಮೀದೇವಮ್ಮ ರೇಷ್ಮೆ ಸೀರೆ ಉಟ್ಟು, ಪೂರ್ತಿ ಫಲಾನುಭವಿಯಾಗಿ ನಿಂತಿದ್ದಳು. ಮೊಲಗಳನ್ನು ತುರುಕಿದ್ದಾಯಿತು. ಕದಿರಮ್ಮನನ್ನು ಗೋಡೆಯ ಹಿಂದೆ ನಿಲ್ಲಿಸಿದ್ದಾಯಿತು. ಸಾಹೇಬರು ಬಂದರು. ಹಿಂದೆ ಮಾರಕ್ಕ, ನಾಗಲಕ್ಷ್ಮಮ್ಮ, ಇನ್ನೂ ಏಳೆಂಟು ಹೆಂಗಸರು ಬಂದರು. ಮೊಲಗಳು ಎಷ್ಟು ದೂರ ಹೋಗುತ್ತವೆ ನೋಡೋಣ ಎಂದು ತಮಾಷೆಗೆ ಬಂದವರು ಅವರು.

ಸಹಾಯಕ ಫೋನು ಎತ್ತಿ ಹಿಡಿದ. ಅಷ್ಟರಲ್ಲಿ ಪಂಜರದಿಂದ ಏನೋ ಕೆಳಗೆ ಬಿತ್ತು.

ಕೆಂಪಗೆ, ಹೆಬ್ಬೆರಳಷ್ಟು ಉದ್ದ, ಮೈಮೇಲೆ ಒಂದು ಕೂದಲಿಲ್ಲ. ಮತ್ತೊಂದು ಬಿತ್ತು. ಮಸಿಮೂತಿ ಮೂಲೆಯಲ್ಲಿ ಮುದುಡಿ ಮರಿ ಹಾಕುತ್ತಿತ್ತು. ಅಡಿಯಲ್ಲಿ ಹುಲ್ಲಿಲ್ಲ, ರೋಮವಿಲ್ಲ, ಶಶಿಕುಮಾರನ ಕೋಳಿ ಜಾಲರಿ ಮಾತ್ರ. ಮರಿಗಳು ಅದರ ಕಣ್ಣುಗಳಲ್ಲಿ ತೂರಿ ಸಿಮೆಂಟಿನ ಮೇಲೆ ಬೀಳುತ್ತಿದ್ದವು. ಬೀಳದೆ ಸಿಕ್ಕಿಕೊಂಡವನ್ನು ಬೆದರಿದ ಉಳಿದ ಮೊಲಗಳು ತುಳಿಯುತ್ತಿದ್ದವು.

“ಅರೆ! ಮರಿ ಹಾಕ್ತಾ ಇದೆ!” ಸಾಹೇಬರಿಗೆ ನಿಜವಾಗಿಯೂ ಖುಷಿಯಾಯಿತು. “ತಗೊಳ್ಳಿ, ತಗೊಳ್ಳಿ, ಫೋಟೋ ತಗೊಳ್ಳಿ. ಇದು ಯಶೋಗಾಥೆ ಕಣ್ರಿ!”

ಕದಿರಮ್ಮ ಗೋಡೆಯ ಹಿಂದಿನಿಂದ ಓಡಿ ಬಂದಳು. ಮನೋಹರ್ ಅಡ್ಡ ಕೈ ಚಾಚಿದ, ಆ ಕೈಯ ಕೆಳಗೆ ನುಗ್ಗಿ ಬಂದಳು. ಚಿಲಕ ಕಿತ್ತು ಮಸಿಮೂತಿಯನ್ನು ಎತ್ತಿ ಸೆರಗಿನಲ್ಲಿ ಮುಚ್ಚಿ ಕೆಳಗೆ ಕೂರಿಸಿದಳು. ಸಿಮೆಂಟಿನ ಮೇಲಿನ ಮರಿಗಳನ್ನು ಒಂದೊಂದಾಗಿ ಹೆಕ್ಕಿದಳು. ತಣ್ಣಗಾಗಿದ್ದವು. ಇನ್ನೂ ಮಿಸುಕುತ್ತಿದ್ದ ಎರಡನ್ನು ರವಿಕೆಯೊಳಗೆ ಎದೆಗೆ ಒತ್ತಿಕೊಂಡಳು. ಚಳಿಗಾಲದಲ್ಲಿ ಹೀಗೆಯೇ ಎಷ್ಟೋ ಮರಿಗಳನ್ನು ಬದುಕಿಸಿದ್ದಳು. ಒಂದು ಬಾಯಿ ತೆರೆಯಿತು, ಮುಚ್ಚಿತು, ಆಮೇಲೆ ತೆರೆಯಲಿಲ್ಲ. ಇನ್ನೊಂದೂ ಸುಮ್ಮನಾಯಿತು.

“ಎಷ್ಟು ಮರಿ?” ಎಂದರು ಸಾಹೇಬರು.

“ಎಂಟು,” ಎಂದಳು ಕದಿರಮ್ಮ.

ಅವರು ಬರೆದುಕೊಂಡರು. “ಜನನ, ಎಂಟು.”

“ಸತ್ತೋದ್ವಲ್ಲ ಸಾರ್,” ಎಂದ ಸಹಾಯಕ ಮೆಲ್ಲಗೆ.

“ಇದರಲ್ಲಿ ಜನನದ ಕಾಲಂ ಒಂದೇ ಇರೋದು. ಮರಣ ಕೇಳಿಲ್ಲ.” ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. “ಯಾರಿದು, ಈ ಹೆಂಗಸು?”

“ಕೂಲಿಯೋಳು ಸಾರ್,” ಎಂದ ಮನೋಹರ್. “ಮೊಲ ನೋಡ್ಕಳೋಕೆ ಇಟ್ಕೊಂಡಿದೀವಿ. ಅಜಾಗ್ರತೆ ಜನ. ಏಳಮ್ಮಾ, ಏಳು. ಮುಂದಿನ ಮನೇಗೆ ಹೊತ್ತಾಗ್ತದೆ.”

ಕದಿರಮ್ಮ ಏಳಲಿಲ್ಲ. ನೆಲದ ಮೇಲೆ ಮರಿಗಳನ್ನು ಸಾಲಾಗಿ ಮಲಗಿಸಿದ್ದಳು. ಒಳಗಿನಿಂದ ಏನೋ ಎದ್ದು ಬರುತ್ತಿತ್ತು. ಅದು ಅಳುವಲ್ಲ. ಅವಳಿಗೇ ಗೊತ್ತಾಯಿತು ಅದು ಸಿಟ್ಟು ಎಂದು, ಇಷ್ಟು ವರ್ಷ ಎಲ್ಲಿತ್ತೋ ಏನೋ.

“ಮುಂದಿನ ಮನೇಗೆ ಮೊಲ ಬರಲ್ಲ,” ಎಂದಳು.

“ಏನಂದೆ?”

“ಬರಲ್ಲ ಅಂದೆ. ನನ್ ಮೊಲ ಇವು. ಕೋದಂಡರಾಮಯ್ಯನೋರು ಕೊಟ್ಟಿದ್ ಮೂರರಲ್ಲಿ ಹುಟ್ಟಿದ್ವು. ನಾನು ಹುಲ್ಲು ಕೊಯ್ದು, ಬಾಡ್ಸಿ ಹಾಕಿ ಸಾಕಿದ್ವು. ಸ್ವಾಮಿ, ನೀವು ಬೆಳಗ್ಗಿಂದ ನೋಡಿದ್ದು ಇವನ್ನೇ. ಐದ್ ಮನೇಲೂ ಇವನ್ನೇ.”

“ನಾಳೆ ನಿನ್ ಕೊಟ್ಟಿಗೆ ಇರ್ತದಾ ನೋಡ್ತೀನಿ,” ಎಂದ ಮನೋಹರ್ ಹಲ್ಲು ಕಚ್ಚಿ.

“ನೋಡು. ನಾನೂ ಅಲ್ಲೇ ಇರ್ತೀನಿ, ಇಬ್ರೂ ನೋಡಾನ.”

ಸಾಹೇಬರು ಗಂಟಲು ಸರಿಮಾಡಿಕೊಂಡು ಹೆಂಗಸರ ಕಡೆ ತಿರುಗಿದರು. ಅಲ್ಲಿಯಾದರೂ ಫಾರಂಗೆ ಆಧಾರ ಸಿಕ್ಕೀತು ಎಂಬ ಆಸೆ ಅವರಿಗೆ. “ಏನ್ರಮ್ಮ, ನಿಮ್ಮ ಮನೆಗೆ ಮೊಲ ಬಂದಿತ್ತೋ ಇಲ್ವೋ?”

ಮಾರಕ್ಕ ಮುಂದೆ ಬಂದಳು. ಅವಳ ಕಣ್ಣು ನೆಲದ ಮೇಲಿನ ಎಂಟು ಮರಿಗಳ ಮೇಲಿತ್ತು. ಬೆಳಿಗ್ಗೆ ತಾನು ಆಡಿದ ಸುಳ್ಳಿಗೂ ಅವುಗಳಿಗೂ ಇರುವ ನಂಟು ಅವಳ ಮುಖದಲ್ಲಿ ಕಾಣುತ್ತಿತ್ತು.

“ಬಂದಿದ್ವು ಸ್ವಾಮಿ, ಸುಳ್ ಯಾಕೆ ಹೇಳ್ಳಿ? ಹನ್ನೊಂದ್ ಕಾಲಿಗೆ ಬಂದ್ವು, ಹನ್ನೊಂದೂವರೆಗೆ ಹೋದ್ವು. ನೀರೂ ಕುಡೀಲಿಲ್ಲ.”

“ನಮ್ಮನೇಲಿ ಹತ್ತೇ ನಿಮಿಷ,” ಎಂದಳು ನಾಗಲಕ್ಷ್ಮಮ್ಮ.

“ನಮ್ಮನೇಗೆ ಇನ್ನೂ ಬಂದೇ ಇಲ್ಲ. ಹನ್ನೆರಡನೇ ನಂಬರು ನಮ್ದು,” ಎಂದಳು ಹಿಂದಿನಿಂದ ಒಬ್ಬಳು. ಯಾರೋ ನಕ್ಕರು. ಆ ನಗು ಸಾಹೇಬರಿಗೆ ಹಿಡಿಸಲಿಲ್ಲ.

“ನೋಡ್ರಮ್ಮ, ನಗೋ ವಿಷಯ ಅಲ್ಲ ಇದು. ಹತ್ತು ಮೊಲ ತಗೊಂಡಿದ್ದೀನಿ ಅಂತ ನೀವೆಲ್ಲ ಹೆಬ್ಬೆಟ್ಟು ಕೊಟ್ಟಿದ್ದೀರಿ. ಈಗ ಇಲ್ಲ ಅಂದ್ರೆ ಅದರ ವಸೂಲಿ ನಿಮ್ಮಿಂದಲೇ ಆಗುತ್ತೆ. ಯೋಚನೆ ಮಾಡಿ ಹೇಳಿ.”

ನಗು ನಿಂತಿತು. ಒಬ್ಬೊಬ್ಬರೂ ತಮ್ಮ ಹೆಬ್ಬೆರಳನ್ನು ಬೇರೆಯವರದೇನೋ ಎಂಬಂತೆ ನೋಡಿಕೊಂಡರು. ಮನೋಹರನ ಮುಖಕ್ಕೆ ಕಳೆ ಬಂತು. “ಹೇಳಿದ್ನಲ್ಲ, ಇದ್ದಿದ್ದು ಇದ್ದಂಗೆ ಹೇಳ್ಕೊಂಡ್ರೆ ಎಲ್ಲಾರ್ಗೂ ಒಳ್ಳೇದು. ಲಕ್ಷ್ಮೀ, ನೀನು ಅಧ್ಯಕ್ಷೆ. ಇವ್ರಿಗೆ ನೀನೇ ಹೇಳು.”

ಸಂಘ ಶುರುವಾದ ಏಳು ವರ್ಷದಲ್ಲಿ ಅವನು ಹೆಂಡತಿಯನ್ನು ಅಧ್ಯಕ್ಷೆ ಎಂದು ಕರೆದದ್ದು ಅದೇ ಮೊದಲು.

ಲಕ್ಷ್ಮೀದೇವಮ್ಮ ಮರಿಗಳನ್ನು ನೋಡಬಾರದೆಂದು ಈರುಳ್ಳಿಯ ರಾಶಿಯನ್ನೇ ನೋಡುತ್ತಿದ್ದಳು. ಈಗ ತಲೆಯೆತ್ತಿದಳು. “ನಾನೇ ಅಧ್ಯಕ್ಷೆ ಆಗಿದ್ರೆ,” ಎಂದಳು ನಿಧಾನವಾಗಿ, “ಮೊಲ ಬಂತು ಅಂತ ರುಜು ಹಾಕಿರೋರು ಯಾರು? ನಾನಂತೂ ಹಾಕಿಲ್ಲ. ಸಾರ್, ಆ ಕಾಗದ ತೆಗೀರಿ. ನನ್ ರುಜು ನಾನು ಹಾಕಿ ತೋರಿಸ್ತೀನಿ. ಎರಡೂ ಒಂದೇ ಥರ ಅವೆಯಾ ನೋಡಿ.”

“ಒಳಗೋಗೇ!” ಎಂದ ಮನೋಹರ್.

ಅವಳು ಒಳಗೆ ಹೋಗಲಿಲ್ಲ. ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕದಿರಮ್ಮನ ಪಕ್ಕ ನೆಲದ ಮೇಲೆ ಕುಳಿತಳು. ಹೆಂಗಸರಿಗೆ ಅಷ್ಟು ಸಾಕಾಗಿತ್ತು.

“ವಸೂಲಿ ಮಾಡ್ತೀರಾ? ಮಾಡಿ,” ಎಂದಳು ಮಾರಕ್ಕ. “ಬನ್ನಿ ನಮ್ಮನೇಗೆ. ಅಟ್ಟ ಹತ್ತಿ, ಮಡಕೆ ಇಳಿಸಿ. ಎಲ್ಲಾದ್ರೂ ಒಂದು ಮೊಲ ಸಿಕ್ರೆ ತಗೊಂಡೋಗಿ.”

“ನಮ್ಮ ಹತ್ತು ಎಲ್ಲಿ, ಅದನ್ನ ಹೇಳಿ ಮೊದ್ಲು!”

“ನೂರಿಪ್ಪತ್ತು ಮೊಲ ಸ್ವಾಮಿ! ನೂರಿಪ್ಪತ್ತು ನೊಣ ಅಲ್ಲ, ಹಾರೋಗೋಕೆ.”

ಇಬ್ಬರು ಹೋಗಿ ಗೇಟಿಗೆ ಅಗುಳಿ ಹಾಕಿ ಬೆನ್ನು ಕೊಟ್ಟು ನಿಂತರು. ಶಶಿಕುಮಾರ ಆಟೋ ಬಿಟ್ಟು ಓಣಿಯಲ್ಲಿ ಕಾಣೆಯಾಗಿದ್ದ. ಸಾಹೇಬರು ಜೀಪನ್ನು ನೋಡಿದರು, ಗೇಟನ್ನು ನೋಡಿದರು. ಆಮೇಲೆ ಎಲ್ಲರಿಗಿಂತ ಸಣ್ಣವಳಾಗಿ ಕಾಣುತ್ತಿದ್ದವಳನ್ನು ಆರಿಸಿಕೊಂಡರು. ಕದಿರಮ್ಮನ ಹೆಸರು ಕೇಳಿ, ಪಟ್ಟಿಯ ಮೇಲೆ ಬೆರಳೋಡಿಸಿ ಎರಡು ಸಲ ಓದಿದರು.

“ನೋಡಮ್ಮ, ಇವರೆಲ್ಲ ಫಲಾನುಭವಿಗಳು. ಅವರು ಕೇಳಿದರೆ ಒಂದು ಅರ್ಥ ಇದೆ. ನಿನ್ನ ಹೆಸರು ಪಟ್ಟಿಯಲ್ಲೇ ಇಲ್ಲ. ನಿನಗೂ ಈ ಯೋಜನೆಗೂ ಏನು ಸಂಬಂಧ?”

ಕದಿರಮ್ಮ ಮಸಿಮೂತಿಯ ಬರಿದಾದ ಎದೆಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು.

“ಹೌದು ಸ್ವಾಮಿ, ಪಟ್ಟೀಲಿಲ್ಲ. ಪಟ್ಟೀಲಿರೋ ಹನ್ನೆರಡು ಜನದ ಹತ್ರ ಒಂದೂ ಮೊಲ ಇಲ್ಲ. ಪಟ್ಟೀಲಿಲ್ದೋಳ ಹತ್ರ ಹತ್ತವೆ. ಅದನ್ನ ಬರ್ಕೊಳಿ.”

“ಅದನ್ನ ಬರೆಯೋಕೆ ಇದರಲ್ಲಿ ಕಾಲಂ ಇಲ್ಲಮ್ಮ.”

ಮಾರಕ್ಕ ಅವರ ಮೊಣಕೈ ಪಕ್ಕಕ್ಕೆ ಬಂದು ಫಾರಂ ಇಣುಕಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಎಲ್ಲಿ ಬರೆದಿದೆ, ಎಲ್ಲಿ ಬರೆದಿಲ್ಲ ಎಂಬುದು ಕಣ್ಣಿದ್ದವರಿಗೆಲ್ಲ ಕಾಣುತ್ತದೆ.

“ಪಕ್ಕದಲ್ಲಿ ಬರ್ಕೊಳಿ ಸ್ವಾಮಿ,” ಎಂದಳು. “ಬೇಕಾದಷ್ಟು ಜಾಗ ಐತೆ. ನೀವು ಬರೆಯೋವರ್ಗೂ ನಾವ್ ಇಲ್ಲೇ ಇರ್ತೀವಿ.”